ಒಂದು ಚಿಲುಮೆಯ ಹೊತ್ತು

ನಮ್ಮ ಮನೆಯಲ್ಲಿ ಹೊಲದ ಕೆಲಸಕ್ಕೆ ಗಂಟೆಯ ಲೆಕ್ಕ ಇರಲಿಲ್ಲ, ಚಿಲುಮೆಯ ಲೆಕ್ಕ ಇತ್ತು. "ಎಲ್ಡು ಚಿಲುಮಿ ಕೆಲಸ ಐತಿ ನೋಡಪಾ" ಅಂದ್ರೆ ಒಂದು ಬದು ಸವರಿ ಮುಗಿಸೋವಷ್ಟು ಹೊತ್ತು. "ನಾಕು ಚಿಲುಮಿ" ಅಂದ್ರೆ ಬೆಳಗ್ಗೆ ಎಡೆ ಹೊಡೆಯೋಕೆ ಇಳಿದು ಬುತ್ತಿ ಬರೋವರೆಗೆ. ಅಜ್ಜ ಹೀಗೇ ಮಾತಾಡ್ತಿದ್ದ. ಅವನಿಂದ ಈ ಅಳತೆ ನಮ್ಮ ಕಾಕಾಗೆ ಬಂತು. ಜೊತೆಗೆ ಚಿಲುಮೆಯೂ ಬಂತು.

ನಾನು ಬೆಂಗಳೂರಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಊರು ಅಬಲೂರು, ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕು. ಏಕಾಂತದ ರಾಮಯ್ಯನ ಕಥೆ ಹೇಳೋ ಶಾಸನ ಇರೋ ಸೋಮೇಶ್ವರ ಗುಡಿಯ ಊರು ಅಂದ್ರೆ ಇತಿಹಾಸ ಓದಿದವರಿಗೆ ಗೊತ್ತಾಗುತ್ತೆ. ಸರ್ವಜ್ಞನ ಊರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ವರ್ಕ್ ಫ್ರಂ ಹೋಮ್ ಬಂದ ಮೇಲೆ ವರ್ಷದಲ್ಲಿ ಎರಡು ಮೂರು ತಿಂಗಳು ನಾನು ಅಲ್ಲೇ ಇರ್ತೀನಿ. ಬೆಳಗ್ಗೆ ಹೊಲ, ಹನ್ನೊಂದರ ಮೇಲೆ ಲ್ಯಾಪ್‌ಟಾಪ್. ಚಿಲುಮೆಯನ್ನ ಹತ್ತಿರದಿಂದ ನೋಡಿದ್ದು ಆಗಲೇ.

ನೋಡದವರಿಗಾಗಿ ಹೇಳ್ತೀನಿ. ಚಿಲುಮೆ ಅಂದ್ರೆ ಸುಟ್ಟ ಮಣ್ಣಿನ ಸಣ್ಣ ಲಾಳಿಕೆ, ಗೇಣಿಗಿಂತ ಗಿಡ್ಡ. ಅಗಲದ ಬಾಯಿಗೆ ಸೊಪ್ಪು, ಸಣ್ಣ ಬಾಯಿಗೆ ನಮ್ಮ ಬಾಯಿ. ಸೊಪ್ಪಿನ ಪುಡಿ ಗಂಟಲಿಗೆ ಬರದಿರಲಿ ಅಂತ ಒಳಗೆ ಒಂದು ಚೂರು ಕಲ್ಲು ಹಾಕ್ತಾರೆ. ಸಣ್ಣ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಅಂಗೈಯನ್ನ ಬೊಗಸೆ ಮಾಡಿ ಹಿಡಿದು, ಆ ಬೊಗಸೆಯ ಸಂದಿನಿಂದ ಎಳೀತಾರೆ. ಅಜ್ಜನ ಕಾಲಕ್ಕೆ ಚಕಮಕಿ ಕಲ್ಲಿನ ಕಿಡಿ, ಈಗ ಬೆಂಕಿಪೊಟ್ಟಣ. ಕುಂಬಾರರು ಮಾಡೋ ವಸ್ತು ಇದು. ಸಂತೆ, ಜಾತ್ರೆಗಳಲ್ಲಿ ಸಿಗುತ್ತೆ, ಕೈಜಾರಿದ್ರೆ ಎರಡು ಹೋಳು. ಸರ್ವಜ್ಞನ ತಾಯಿ ಕುಂಬಾರರ ಮಾಳಿ ಅಬಲೂರಿನವಳು, ತಂದೆ ಮಾಸೂರಿನ ಬಸವರಸ ಅನ್ನೋದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಕಾಕಾ ಚಿಲುಮೆ ಹಿಡಿದಾಗಲೆಲ್ಲ "ಇದು ಸರ್ವಜ್ಞನ ತವರಮನಿ ಮಣ್ಣಪಾ" ಅಂತ ಒಂದು ಮಾತು ಇದ್ದದ್ದೇ.

ಇಲ್ಲಿ ನನ್ನ ಕಣ್ಣಿಗೆ ಬಿದ್ದ ವಿಷಯ ಒಂದೇ. ಚಿಲುಮೆಗೆ ಎರಡೂ ಕೈ ಬೇಕು. ಬೀಡಿ ತುಟಿಯಲ್ಲಿಟ್ಟುಕೊಂಡು ನೇಗಿಲು ಹಿಡೀಬಹುದು, ಸಿಗರೇಟು ಒಂದು ಕೈಲಿ ಇಟ್ಕೊಂಡು ಮೆಸೇಜ್ ಟೈಪ್ ಮಾಡಬಹುದು. ಚಿಲುಮೆ ಹಚ್ಚಬೇಕಂದ್ರೆ ಕುಡಗೋಲು ಕೆಳಗೆ ಇಡಲೇಬೇಕು, ಕೂರಲೇಬೇಕು. ಸೊಪ್ಪನ್ನ ಅಂಗೈಲಿ ತಿಕ್ಕಬೇಕು, ತುಂಬಬೇಕು, ಗಾಳಿಗೆ ಬೆನ್ನು ಮಾಡಿ ಕಡ್ಡಿ ಗೀರಬೇಕು. ಹೊಗೆ ಬರೋ ಮುಂಚೆಯೇ ಐದು ನಿಮಿಷ ವಿಶ್ರಾಂತಿ ಆಗಿರುತ್ತೆ.

ನನ್ನ ಹತ್ತಿರ ಇದ್ದದ್ದು ಬೇರೆ ಜಾತಿಯದು. ಜರ್ಮನಿಯ ಪ್ರಾಜೆಕ್ಟ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬ ಕೊಟ್ಟ ಬ್ರಯರ್ ಪೈಪು. ಬ್ರಯರ್ ಅನ್ನೋದು ಮೆಡಿಟರೇನಿಯನ್ ಸೀಮೆಯ ಒಂದು ಪೊದೆಯ ಬೇರಿನ ಗಂಟು. ಬೆಂಕಿಗೆ ಸುಲಭಕ್ಕೆ ಸುಡಲ್ಲ ಅನ್ನೋ ಕಾರಣಕ್ಕೆ 19ನೇ ಶತಮಾನದಿಂದ ಅದೇ ಪೈಪಿನ ಮರ ಆಗಿದೆ. ಫ್ರಾನ್ಸಿನ ಸೇಂಟ್ ಕ್ಲಾಡ್ ಊರು ಇದನ್ನ ಕೆತ್ತೋದಕ್ಕೇ ಹೆಸರಾದದ್ದು. ತುಂಬೋಕೆ ಒಂದು ಹಳೇ ಪಾಠ ಇದೆ: ಮೊದಲ ಪದರ ಮಗುವಿನ ಕೈಯಿಂದ ಒತ್ತಿದಷ್ಟು ಹಗುರ, ಎರಡನೇದು ಹೆಂಗಸಿನ ಕೈ, ಮೂರನೇದು ಗಂಡಸಿನ ಕೈ. (ನಮ್ಮ ಚಿಗವ್ವನ ಕೈ ನೋಡಿದವರು ಈ ಪಾಠ ಬರೀತಿರಲಿಲ್ಲ.) ಹಾಗೆ ತುಂಬಿದ ಪೈಪು ಮುಕ್ಕಾಲು ಗಂಟೆ ಬರುತ್ತೆ. ಮಧ್ಯೆ ನಾಲ್ಕು ಸಲ ಆರುತ್ತೆ, ಮತ್ತೆ ಹಚ್ಚಬೇಕು. ಜೋರಾಗಿ ಎಳೆದ್ರೆ ನಾಲಿಗೆ ಉರಿಯುತ್ತೆ, ಆದ್ದರಿಂದ ಅವಸರಕ್ಕೆ ಜಾಗವೇ ಇಲ್ಲ.

ಕಾಕಾ ನನ್ನ ಪೈಪನ್ನ ಒಂದು ಸಲ ಸೇದಿ ನೋಡಿದ್ರು. ವೆನಿಲ್ಲಾ ವಾಸನೆಯ ತಂಬಾಕು. ಕೆಮ್ಮಲಿಲ್ಲ, ಮುಖವನ್ನೂ ಕಿವುಚಲಿಲ್ಲ. "ಇದು ಸೇದೂದಲ್ಲ ತಮ್ಮಾ, ಇದು ಅತ್ತರು" ಅಂತ ವಾಪಸ್ ಕೊಟ್ರು.

ಖುಷಿ ಇತ್ತೋ ಇಲ್ಲವೋ ಅಂತ ಕೇಳಿದ್ರೆ, ಇತ್ತು. ಸುಳ್ಳು ಹೇಳಲ್ಲ. ಕಾರ್ತಿಕದ ಬೆಳಗ್ಗೆ ಹತ್ತಿ ಹೊಲದ ಬದುವಿನ ಜಾಲಿಕಂಟಿ ಕಡಿದು, ಅಂಗೈಯಲ್ಲಿ ಎರಡು ಬೊಬ್ಬೆ ಎದ್ದು, ಬೆನ್ನು ಬೆವರಿ, ಬೇವಿನ ಮರದ ಕೆಳಗೆ ಕೂತಾಗ ಹೊಗೆ ಗಾಳಿಗೆ ಸಿಕ್ಕಿ ಗೋವಿನಜೋಳದ ತೆನೆಗಳ ಮೇಲೆ ಹೋಗೋದನ್ನ ನೋಡ್ತಾ ಇರೋದು. ಕಾಕಾ ಅವರ ಚಿಲುಮೆ, ನಾನು ನನ್ನ ಪೈಪು. ಮಾತು ಕಡಿಮೆ. ಅದೇ ಪೈಪನ್ನ ಬೆಂಗಳೂರಿನ ಬಾಲ್ಕನಿಯಲ್ಲಿ ಹಚ್ಚಿದ್ರೆ ಎರಡು ನಿಮಿಷಕ್ಕೆ ಬೇಜಾರು ಬರ್ತಿತ್ತು. ದಣಿದ ಮೈ, ಬಯಲು, ಪಕ್ಕದಲ್ಲಿ ಒಬ್ಬರು ಇಲ್ಲದಿದ್ರೆ ಅದು ಬರೀ ಹೊಗೆ.

ಬಿಜಾಪುರದಿಂದ ಹೊರಟ ಹೊಗೆ

ಈ ಚಿಲುಮೆ ನಮ್ಮ ಪುರಾತನ ಸಂಪತ್ತು ಅಂತ ಊರಲ್ಲಿ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಅರ್ಧ ನಿಜ. ಹೊಗೆ ಎಳೆಯೋದು ಹಳೆಯದು. ಚರಕ ಸಂಹಿತೆಯಲ್ಲಿ ಧೂಮಪಾನಕ್ಕೆ ನಳಿಕೆಯ ಉದ್ದವನ್ನ ಅಂಗುಲದ ಲೆಕ್ಕದಲ್ಲಿ ಹೇಳಿದೆ, ಸ್ನಾನ ಆದ ಮೇಲೆ, ಊಟ ಆದ ಮೇಲೆ, ಸೀನಿದ ಮೇಲೆ ಅಂತ ದಿನದ ಎಂಟು ಹೊತ್ತನ್ನೂ ಹೇಳಿದೆ. ಆದ್ರೆ ಅದರಲ್ಲಿ ತುಂಬ್ತಿದ್ದದ್ದು ಔಷಧಿ ಗಿಡಮೂಲಿಕೆ. ತಂಬಾಕು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಜೊತೆ ಬಂದದ್ದು. ನಮ್ಮ ಜಿಲ್ಲೆಗೆ ಹೆಸರು ತಂದ ಬ್ಯಾಡಗಿ ಮೆಣಸಿನಕಾಯಿಯ ವಂಶವೂ ಅದೇ ಹಡಗಿನ ದಾರಿಯಲ್ಲಿ ಬಂದದ್ದು. ಎರಡೂ ಬದನೆಕಾಯಿಯ ಕುಟುಂಬದವು, ದಾಯಾದಿಗಳು ಅನ್ನಿ. ಒಂದು ಅಡುಗೆಮನೆ ಸೇರಿತು, ಇನ್ನೊಂದು ಬದು ಸೇರಿತು.

ತಂಬಾಕು ಸೇದೋ ಪೈಪು ಮೊಗಲರ ಅರಮನೆಗೆ ಹೋಗಿದ್ದು ಕರ್ನಾಟಕದಿಂದ ಅಂತ ನಿಮಗೆ ಗೊತ್ತಾ? ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಕಾಲ. ಅಲ್ಲಿ ಅವನಿಗೆ ತಂಬಾಕು ಸಿಕ್ತು. ಹಿಂದೆ ಎಲ್ಲೂ ಕಂಡಿರಲಿಲ್ಲ. ಒಂದಷ್ಟು ಕಟ್ಟಿಕೊಂಡು, ಸುಮಾತ್ರದ ಆಚೆ ಕಡೆಯಿಂದ ಬಂದ ಮೂರು ಮೊಳದ ನಳಿಕೆಗೆ ರತ್ನ ಕೂಡಿಸಿ, ಯೆಮನ್ ದೇಶದ ಅಕೀಕ್ ಕಲ್ಲಿನ ಬಾಯಿತುದಿ ಹಾಕಿಸಿ, 1604ರ ಸುಮಾರಿಗೆ ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ಅಕ್ಬರ್ ಎರಡು ಮೂರು ಸಲ ಎಳೆದ. ಪಕ್ಕದಲ್ಲಿದ್ದ ಹಕೀಮ ಸುಮ್ಮನಿರಲಿಲ್ಲ. ಇದರ ಬಗ್ಗೆ ನಮ್ಮ ಗ್ರಂಥಗಳಲ್ಲಿ ಏನೂ ಇಲ್ಲ, ಪರೀಕ್ಷೆ ಮಾಡದ ವಸ್ತು ಅಂತ ತಡೆದ. ಎಲ್ಲ ಪದ್ಧತಿಗಳೂ ಒಂದು ಕಾಲಕ್ಕೆ ಹೊಸವೇ ಅಂತ ಅಸದ್ ಬೇಗ್ ವಾದಿಸಿದ. ಈ ಸಂಗತಿಯನ್ನ ಅವನೇ ಬರೆದಿಟ್ಟಿದ್ದಾನೆ. ಬಾದಶಹನಿಗೆ ಚಟ ಹತ್ತಲಿಲ್ಲ, ಸರದಾರರಿಗೆ ಹತ್ತಿತು. ಮಗ ಜಹಾಂಗೀರ 1617ರಲ್ಲಿ ನಿಷೇಧ ಹೊರಡಿಸಿದ. ಯಾರೂ ಕೇಳಲಿಲ್ಲ ಅನ್ನೋದಕ್ಕೆ ನಮ್ಮ ಬೇವಿನ ಮರವೇ ಸಾಕ್ಷಿ.

ಇನ್ನೊಂದು ತಮಾಷೆ. ಅದೇ 1604ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸ್ ತಂಬಾಕಿನ ವಿರುದ್ಧ ತಾನೇ ಕೂತು ಪುಸ್ತಕ ಬರೆದ. ಅವನ ಪ್ರಜೆಗಳೂ ಕೇಳಲಿಲ್ಲ. ನಾನೂರು ವರ್ಷದ ಹಿಂದೆಯೇ ಹಕೀಮನಿಗೆ ಅನುಮಾನ ಇತ್ತು, ರಾಜನಿಗೆ ಖಾತ್ರಿ ಇತ್ತು, ಜನಕ್ಕೆ ಮಾತ್ರ ಬಿಡುವು ಬೇಕಿತ್ತು.

ಸುಟ್ಟಾ ಬ್ರೇಕ್

ಬಿಡುವು ಅನ್ನೋ ಮಾತನ್ನ ಬೇಕಂತಲೇ ಹೇಳಿದೆ. ಟೆಕ್ ಪಾರ್ಕಿನಲ್ಲಿ ಕೆಲಸ ಮಾಡೋ ನಿಮಗೆ ಇದು ಗೊತ್ತಿರುತ್ತೆ. 2008ರ ಅಕ್ಟೋಬರ್ 2ರಿಂದ ಆಫೀಸಿನ ಒಳಗೆ ಸೇದೋ ಹಾಗಿಲ್ಲ, ಹಾಗಾಗಿ ಗೇಟಿನ ಆಚೆ ಚಹಾ ಗಾಡಿಯ ಪಕ್ಕ ಒಂದು ಗುಂಪು. ಅಲ್ಲಿ ನಿಂತವರಿಗೆ ದಿನಕ್ಕೆ ನಾಲ್ಕು ಸಲ ಎದ್ದು ಹೋಗೋ ಪರವಾನಗಿ ಇದೆ. ಯಾರೂ 'ಎಲ್ಲಿಗೆ ಹೋಗಿದ್ದೆ' ಅಂತ ಕೇಳಲ್ಲ. ಸೇದದೇ ಇರೋನು ಸುಮ್ಮನೆ ಹತ್ತು ನಿಮಿಷ ಮರದ ಕೆಳಗೆ ನಿಂತ್ರೆ 'ಏನಾಯ್ತು, ಆರಾಮ ಇಲ್ವಾ?' ಅಂತಾರೆ. ನನ್ನ ಟೀಮಿನಲ್ಲಿ ಬ್ರೇಕ್ ಸಿಗಲಿ ಅಂತಲೇ ಸಿಗರೇಟು ಕಲಿತವರು ಇಬ್ಬರಿದ್ದಾರೆ.

ಹೊಲದಲ್ಲೂ ಇದೇ ಕಥೆ. ಕೂಲಿಗೆ ಬಂದವನು ಸುಮ್ಮನೆ ಕೂತ್ರೆ ಮೈಗಳ್ಳ. ಚಿಲುಮೆ ಹಚ್ಚಿಕೊಂಡು ಕೂತ್ರೆ ಯಾವ ಗೌಡನೂ ಬಾಯಿ ಬಿಡ್ತಿರಲಿಲ್ಲ, ಯಾಕಂದ್ರೆ ಗೌಡನೂ ಹಚ್ಚಿಕೊಂಡಿರ್ತಿದ್ದ. ಬೆವರು ಸುರಿಸೋ ಕೆಲಸದ ಮಧ್ಯೆ ಮರ್ಯಾದೆ ಕಳಕೊಳ್ಳದೆ ಕೂರೋಕೆ ಇದ್ದ ಒಂದೇ ನೆಪ ಅದು. ಅದೇ ಚಿಲುಮೆಯ ದೊಡ್ಡ ರುಚಿ ಅಂತ ನನಗೆ ಅನ್ನಿಸುತ್ತೆ, ಸೊಪ್ಪಿನದು ಆಮೇಲೆ.

ಈ ಥಿಯರಿಯನ್ನ ಒಂದು ರಾತ್ರಿ ರೊಟ್ಟಿ ತಿನ್ನೋವಾಗ ಹೇಳಿದೆ. ಕಾಕಾ ತಲೆ ಆಡಿಸಿದ್ರು. ಒಲೆ ಮುಂದೆ ಕೂತಿದ್ದ ಚಿಗವ್ವ ರೊಟ್ಟಿ ಬಡಿಯೋದನ್ನ ನಿಲ್ಲಿಸಿ ಕೇಳಿದಳು: "ಮತ್ತ ನಮಗ ಯಾವ ಚಿಲುಮಿ ಇತ್ತಪಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಗಸರು ಕಳೆ ತೆಗೆಯೋ ಸಾಲಿನಲ್ಲಿ ಎಲೆ-ಅಡಿಕೆ ಬಾಯಿಗೆ ಹಾಕ್ಕೊಂಡು ಕಳೆ ತೆಗೀತಾನೇ ಇರ್ತಾರೆ. ಅದಕ್ಕೆ ಕೈ ಬಿಡುವು ಬೇಕಾಗಿಲ್ಲ. ಕೆಲವರ ಎಲೆಯೊಳಗೆ ತಂಬಾಕೂ ಇರುತ್ತೆ. ಅಂದ್ರೆ ಅಪಾಯದಲ್ಲಿ ಪಾಲು ಇತ್ತು, ಬಿಡುವಿನಲ್ಲಿ ಇರಲಿಲ್ಲ.

ಬಿಳಿ ಕಲೆ

ಹೋದ ವರ್ಷ ಶ್ರಾವಣದಲ್ಲಿ ಕಾಕಾಗೆ ಖಾರ ತಿಂದ್ರೆ ಬಾಯಿ ಉರಿಯೋಕೆ ಶುರುವಾಯ್ತು. ಬ್ಯಾಡಗಿ ಸೀಮೆಯವರಿಗೆ ಖಾರ ಉರಿದ್ರೆ ಏನೋ ಆಗಿದೆ ಅಂತಲೇ ಅರ್ಥ. ಕೆನ್ನೆಯ ಒಳಗೆ ಬೆರಳಿನ ಉಗುರಿನಷ್ಟು ಬಿಳಿ ಕಲೆ, ಉಜ್ಜಿದ್ರೂ ಹೋಗಲ್ಲ. ದಾವಣಗೆರೆಗೆ ಕರ್ಕೊಂಡು ಹೋದೆ. ಡಾಕ್ಟರು ನೋಡಿ ಲ್ಯುಕೋಪ್ಲೇಕಿಯಾ ಅಂದ್ರು, ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ಆ ರಿಪೋರ್ಟ್ ಬರೋವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಟಿವಿ ಕೂಡ ಹಚ್ಚಲಿಲ್ಲ.

ಬಂದದ್ದು: ಕ್ಯಾನ್ಸರ್ ಅಲ್ಲ. ಆದ್ರೆ ಕೋಶಗಳು ಬದಲಾಗೋಕೆ ಶುರು ಮಾಡಿವೆ. ತಂಬಾಕು ಇವತ್ತೇ ಬಿಡಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಪೈಪು, ಚಿಲುಮೆ ಸೇದೋರು ಒಂದು ಸಮಾಧಾನ ಹೇಳ್ಕೊಳ್ತಾರೆ, ನೀವೂ ಕೇಳಿರಬಹುದು: 'ನಾವು ಹೊಗೆ ಒಳಗೆ ಎಳೆಯಲ್ಲ, ಬಾಯಲ್ಲೇ ಬಿಡ್ತೀವಿ.' ಪೈಪಿನವರಲ್ಲಿ ಎಷ್ಟೋ ಜನ ಹಾಗೆ ಮಾಡೋದು ನಿಜ. ಆದ್ರೆ ಪೈಪಿನ ತಂಬಾಕಿನ ಹೊಗೆ ಕ್ಷಾರೀಯ. ಅದಕ್ಕೆ ಪುಪ್ಪುಸದವರೆಗೆ ಹೋಗೋ ಗರಜೇ ಇಲ್ಲ, ನಿಕೋಟಿನ್ ಬಾಯಿಯ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತೆ. ತುಟಿ, ನಾಲಿಗೆ, ಗಂಟಲು ಆ ಹೊಗೆಯಲ್ಲೇ ಇರ್ತವೆ. ಚಿಲುಮೆಯವರಂತೂ ಎದೆ ತುಂಬ ಎಳೀತಾರೆ. ಮಣ್ಣಿನದು, ಮರದ್ದು, ಫಿಲ್ಟರ್ ಇರೋದು, ಹಳ್ಳಿಯ ಶುದ್ಧ ಸೊಪ್ಪು, ಯಾವುದಕ್ಕೂ ವಿನಾಯಿತಿ ಇಲ್ಲ.

ಡಾಕ್ಟರು ನಿಕೋಟಿನ್ ಗಮ್ ಬರೆದುಕೊಟ್ರು. 1800-112-356 ಅನ್ನೋ ರಾಷ್ಟ್ರೀಯ ಉಚಿತ ಸಹಾಯವಾಣಿಯ ನಂಬರನ್ನೂ ಕೊಟ್ರು. ತಂಬಾಕು ಬಿಡೋರ ಜೊತೆ ಫೋನಿನಲ್ಲಿ ಮಾತಾಡೋಕೆ ಇರೋ ವ್ಯವಸ್ಥೆ ಅದು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಬೇಕಾದ್ರೆ ಬರೆದಿಟ್ಕೊಳ್ಳಿ. ಚಟದ ಎಳೆತ ಅಲೆಯ ಹಾಗೆ ಬರುತ್ತೆ, ಕೆಲವು ನಿಮಿಷ ತಡೆದ್ರೆ ಇಳಿಯುತ್ತೆ, ಮೊದಲ ವಾರ ಜಾಸ್ತಿ ಅಂತ ತಿಳಿಸಿ ಹೇಳಿದ್ರು. ಕಾಕಾ ಎಲ್ಲ ಕೇಳಿಸ್ಕೊಂಡು "ಆತ್ರೀ ಸರ್" ಅಂದ್ರು. ಬಸ್ಸಿನಲ್ಲಿ ಕಿಟಕಿ ಕಡೆ ನೋಡ್ತಾ ಕೂತಿದ್ರು. ರಾಣೆಬೆನ್ನೂರು ದಾಟಿದ ಮೇಲೆ ಒಂದೇ ಮಾತು: "ಅಲ್ಲಪಾ, ಬದುವಿನ ಮ್ಯಾಲ ಕುಂತು ಏನು ಮಾಡ್ಲಿ?"

ಮಾರನೇ ದಿನ ಗಮ್ ಜಗಿದ್ರು. ಎಳೆತ ತಡೀತು, ಬಿಡುವು ಬರಲಿಲ್ಲ. ಸಾಲು ಮುಗಿದ ಮೇಲೆ ನಿಂತೇ ಇದ್ರು, ಅಭ್ಯಾಸಕ್ಕೆ ಜೇಬು ಮುಟ್ಟಿ ನೋಡ್ಕೊಂಡು ಮತ್ತೆ ಇನ್ನೊಂದು ಸಾಲಿಗೆ ಇಳಿದ್ರು. ಹೀಗೆ ಮೂರು ದಿನ. ನಾಲ್ಕನೇ ದಿನ ಮೈ ನೋವು, ಸಿಟ್ಟು. ಎತ್ತಿಗೆ ಬೈದ್ರು, ನನಗೂ ಬೈದ್ರು. "ಚಿಲುಮಿ ಬಿಟ್ಟಮ್ಯಾಲ ಕೈ ಎಲ್ಲಿ ಇಡಬೇಕಂತ ತಿಳಿವಲ್ದು" ಅಂತ ಹೇಳಿದ್ದು ಅವತ್ತೇ.

ಬಣವಿ ಹಿತ್ತಲು

ಬಿಲ್ಲು ಬಂದದ್ದು ನನ್ನ ಕಡೆಯಿಂದ. ಬೆಂಗಳೂರಲ್ಲಿ ಎರಡು ವರ್ಷದಿಂದ ವಾರಕ್ಕೊಮ್ಮೆ ಬಿಲ್ಲುಗಾರಿಕೆಗೆ ಹೋಗ್ತಿದ್ದೆ. ರಾಟೆ, ದುರ್ಬೀನು ಇಲ್ಲದ ಸಾದಾ ಬಿಲ್ಲು. ನಮ್ಮ ದೇಶದ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಅಂತ ಒಂದು ವಿಭಾಗವೇ ಇದೆ, ಬಿದಿರಿನ ಬಿಲ್ಲು, 30 ಮತ್ತು 50 ಮೀಟರ್ ದೂರ. ಊರಿಗೆ ಬಂದಾಗ ಬಣವಿ ಹಿತ್ತಲಲ್ಲಿ ಒಬ್ಬನೇ ಅಭ್ಯಾಸ ಮಾಡ್ತಿದ್ದೆ. ಬಣವಿ ಹಿತ್ತಲು ಅಂದ್ರೆ ಕಣಿಕೆ, ಶೇಂಗಾ ಹೊಟ್ಟು ಒಟ್ಟಿರೋ ಜಾಗ. ಅಜ್ಜನ ಕಾಲದಿಂದಲೂ ಅಲ್ಲಿಗೊಂದು ಕಾನೂನು: ಬೆಂಕಿಕಡ್ಡಿ ಜೇಬಲ್ಲಿಟ್ಟು ಒಳಗೆ ಕಾಲಿಡೋ ಹಾಗಿಲ್ಲ. ಚಿಲುಮೆಯ ಒಂದು ಕಿಡಿ ಸಾಕು, ವರ್ಷದ ಮೇವು ಬೂದಿ. ನಲವತ್ತು ವರ್ಷ ಚಿಲುಮೆ ಸೇದಿದ ಕಾಕಾ ಒಂದು ದಿನವೂ ಅಲ್ಲಿ ಹಚ್ಚಿದ್ದಿಲ್ಲ. ಇಡೀ ಮನೆಯಲ್ಲಿ ಅವರಿಗೆ ಚಿಲುಮೆ ನೆನಪಾಗದ ಜಾಗ ಅದೊಂದೇ. ಸಿಟ್ಟಿನ ಆ ನಾಲ್ಕನೇ ದಿನ ಸಂಜೆ ಅವರು ಅಲ್ಲಿಗೆ ಬಂದು ಕೂತ್ರು.

"ಕೊಡಿಲ್ಲಿ" ಅಂದ್ರು. ನನ್ನ ಬಿಲ್ಲು ಎಳೆದು ನೋಡಿ, "ಇದು ಪ್ಯಾಟಿ ಮಾಲು" ಅಂತ ತಳ್ಳಿದ್ರು. ಮರುದಿನ ಮೇದಾರ ಓಣಿಗೆ ಹೋಗಿ ಒಂದು ಗಟ್ಟಿ ಬಿದಿರು ತಂದ್ರು.

ಮುಂದಿನ ಎಂಟು ದಿನದ ಸಂಜೆ ಹೋದದ್ದು ಅದರಲ್ಲೇ. ಬಿದಿರನ್ನ ಸೀಳಿ, ಎದೆಮಟ್ಟಕ್ಕಿಂತ ಸ್ವಲ್ಪ ಎತ್ತರಕ್ಕೆ ಕತ್ತರಿಸಿ, ಹೊರಮೈ ಗುರಿಯ ಕಡೆಗೆ ಬರೋ ಹಾಗೆ ಇಟ್ಟು, ಒಳಮೈಯನ್ನ ಗಾಜಿನ ಚೂರಿನಿಂದ ಹೆರೆಯೋದು. ಹೆದೆ ಏರಿಸಿ ನೋಡೋದು. ಮೇಲಿನ ತೋಳು ಜಾಸ್ತಿ ಬಾಗಿದ್ರೆ ಕೆಳಗಿನದನ್ನ ಇನ್ನಷ್ಟು ಹೆರೆಯೋದು. ಎರಡೂ ಸಮ ಬಾಗೋವರೆಗೆ ಇದೇ ಕೆಲಸ. ಹೆಚ್ಚು ತೆಗೆದ್ರೆ ಮತ್ತೆ ಅಂಟಿಸೋಕಾಗಲ್ಲ. ಹೆದೆಗೆ ಮೊದಲು ಪುಂಡಿ ನಾರು ಹೊಸೆದ್ರು, ಎರಡು ದಿನಕ್ಕೆ ಸವೆದು ಹರೀತು. ಆಮೇಲೆ ನೈಲಾನ್ ದಾರಕ್ಕೆ ಒಪ್ಪಿಕೊಂಡ್ರು. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಹಾಕಿ ಎಳೆದಾಗ 11 ಕಿಲೋ ತೋರಿಸ್ತು. ನಾನು ಎಂಜಿನಿಯರ್ ಆದ್ದರಿಂದ ಎಳೆತದ ಉದ್ದಕ್ಕೂ ತೂಕಕ್ಕೂ ಒಂದು ಎಕ್ಸೆಲ್ ಶೀಟ್ ಮಾಡಿದೆ. ಅದನ್ನ ಇವತ್ತಿನವರೆಗೆ ಯಾರೂ ತೆರೆದಿಲ್ಲ.

ಗುರಿ ಎಲ್ಲಿಡೋದು ಅನ್ನೋದಕ್ಕೆ ದೊಡ್ಡ ಜಗಳ. ನಾನು ಕಣಿಕೆ ಬಣವಿಗೇ ಹೊಡೀತಿದ್ದೆ. ಚಿಗವ್ವ ಬಂದು "ಕಬ್ಬಿಣದ ಮೊನಿ ಕಣಿಕ್ಯಾಗ ಉಳಿದು ಆಕಳ ಹೊಟ್ಟಿಗೆ ಹೋದ್ರ ನೀ ಬರ್ತಿಯೇನು ಬೆಂಗಳೂರಿಂದ?" ಅಂದಳು. ಹಸು ತಂತಿ, ಮೊಳೆ ನುಂಗಿದ್ರೆ ಅದು ಹೊಟ್ಟೆಯಿಂದ ಎದೆಯವರೆಗೆ ಚುಚ್ಚಿ ಜೀವ ತೆಗೆಯುತ್ತೆ, ಪಶುವೈದ್ಯರನ್ನ ಕೇಳಿ ನೋಡಿ. ಗುರಿ ಹಿತ್ತಲ ಕೊನೆಯ ಮಣ್ಣಿನ ಒಡ್ಡಿಗೆ ಹೋಯ್ತು. ಗೋಣಿಚೀಲಕ್ಕೆ ಗೋವಿನಜೋಳದ ಸಿಪ್ಪೆ ತುಂಬಿ ಒಡ್ಡಿಗೆ ಒರಗಿಸಿದ್ವಿ. ಹಿಂದೆ ಮಣ್ಣು, ಆಚೆ ದಾರಿ ಇಲ್ಲ, ಹುಡುಗರು ಓಡಾಡಲ್ಲ. ಮನೆಯಲ್ಲಿ ಶುರು ಮಾಡೋರು ಈ ಮೂರನ್ನ ಮೊದಲು ನೋಡ್ಕೊಳ್ಳಿ. ಬಾಣ ಎಣಿಸಿ ಹೊಡೀಬೇಕು, ಎಣಿಸಿ ವಾಪಸ್ ತರಬೇಕು.

ಕಾಕಾಗೆ ಬಿಲ್ಲು ಹೊಸದು ಅನ್ನಿಸಲಿಲ್ಲ. ನಮ್ಮ ಸೀಮೆಯ ಯಾವ ಊರಿಗೆ ಹೋದ್ರೂ ಗುಡಿಯ ಪಕ್ಕ ವೀರಗಲ್ಲು ಸಿಗುತ್ತೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ದನ ಹೊಡ್ಕೊಂಡು ಹೋದವರ ಬೆನ್ನತ್ತಿ ಸತ್ತವರ ಕಲ್ಲುಗಳಲ್ಲಿ ಬಿಲ್ಲು ಹಿಡಿದವರು ಎಷ್ಟೋ ಜನ. ಅಂದ್ರೆ ಬಿಲ್ಲು ಇಲ್ಲಿ ದನಕರುಗಳ ಜೊತೆಗೇ ಇದ್ದದ್ದು. ಆಟಕ್ಕೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ಪಟ್ಟಿಯಲ್ಲಿ ಶಸ್ತ್ರವಿನೋದ ಇದೆ, ಅದರಲ್ಲಿ ಬಿಲ್ವಿದ್ಯೆ ಇದೆ. ಅದೇ ಗ್ರಂಥದಲ್ಲಿ ತಾಂಬೂಲಕ್ಕೂ ಧೂಪಕ್ಕೂ ಅಧ್ಯಾಯಗಳಿವೆ. ತಂಬಾಕು ಇಲ್ಲ, ಬರೋಕೆ ಇನ್ನೂ ನಾನೂರಕ್ಕೂ ಹೆಚ್ಚು ವರ್ಷ ಇತ್ತು.

ಇವತ್ತು ಪಾಶ್ಚಾತ್ಯರು ಹವ್ಯಾಸಕ್ಕೆ ಹಿಡಿಯೋ ಸಾದಾ ಬಿಲ್ಲಿನ ಹಿಂದೆ ಒಬ್ಬ ಅಮೆರಿಕದ ಮೂಲನಿವಾಸಿ ಇದ್ದಾನೆ. ಹೆಸರು ಇಶಿ. ಅವನ ಜನರೆಲ್ಲ ಸತ್ತು ಒಬ್ಬನೇ ಉಳಿದು 1911ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಊರಿಗೆ ಬಂದ. ಅವನಿಗೆ ಚಿಕಿತ್ಸೆ ಕೊಡ್ತಿದ್ದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಕಲಿತ, 1923ರಲ್ಲಿ ಪುಸ್ತಕ ಬರೆದ, ಅದನ್ನ ಓದಿ ಸಾವಿರಾರು ಜನ ಬಿಲ್ಲು ಹಿಡಿದ್ರು. ಇಶಿ 1916ರಲ್ಲೇ ಕ್ಷಯದಿಂದ ತೀರಿಕೊಂಡಿದ್ದ. ಈ ಕಥೆ ಹೇಳಿದಾಗ ಕಾಕಾ ಕೇಳಿದ್ದು, "ಹೊಗಿಸೊಪ್ಪೂ ಅವರ ಕಡಿಯಿಂದನ ಬಂದದ್ದಲ್ಲ?" ಹೌದು ಅಂದೆ. "ಮತ್ತ ಎರಡನೇದ್ದು ತಡಾ ಮಾಡಿ ಕೊಟ್ರು" ಅಂದ್ರು.

ಬಿಲ್ಲಿನಿಂದ ಚಟ ಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಗಮ್ ಕೆಲಸ ಮಾಡಿತು, ಡಾಕ್ಟರ ಮಾತು ಕೆಲಸ ಮಾಡಿತು, ರಿಪೋರ್ಟಿನ ಭಯ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಬಿಲ್ಲು ಕೊಟ್ಟದ್ದು ಕೈಗೆ ಜಾಗ. ಬಿಲ್ಲಿಗೂ ಎರಡೂ ಕೈ ಬೇಕು, ಕೆಲಸ ಕೆಳಗಿಟ್ಟು ಬರಬೇಕು. ಎಳೆಯೋವಾಗ ಉಸಿರು ತುಂಬ್ತೀರಿ, ಗುರಿ ಹಿಡಿದಾಗ ಒಂದು ಗಳಿಗೆ ನಿಲ್ಲಿಸ್ತೀರಿ, ಬಿಟ್ಟ ಮೇಲೆ ಉಸಿರು ಹೊರಗೆ ಹೋಗುತ್ತೆ. ಚಿಲುಮೆ ಎಳೆಯೋ ಕ್ರಮವೂ ಹೆಚ್ಚುಕಡಿಮೆ ಇದೇ. ಹನ್ನೆರಡು ಬಾಣ ಹೊಡೆದು, ಇಪ್ಪತ್ತು ಹೆಜ್ಜೆ ನಡೆದು ಕಿತ್ಕೊಂಡು ಬರೋಕೆ ಹತ್ತು ನಿಮಿಷ. ಜೊತೆಗೆ ಇನ್ನೊಂದು ಲೆಕ್ಕ ಇದೆ: ನಿಕೋಟಿನ್ ಎದೆಬಡಿತ ಜೋರು ಮಾಡುತ್ತೆ, ಸೇದಿ ಬಂದು ಹೊಡೆದ್ರೆ ಕೈ ನಡುಗುತ್ತೆ. ಬನಶಂಕರಿ ಹುಣ್ಣಿಮೆ ಹೊತ್ತಿಗೆ ಜಾತ್ರೆಗೆ ಹೋದ ಕಾಕಾ ಹಳೇ ಗೆಳೆಯರ ಜೊತೆ ಎರಡು ಚಿಲುಮೆ ಎಳೆದು ಬಂದಿದ್ರು. ಹೇಳಲಿಲ್ಲ. ಸಂಜೆ ಹನ್ನೆರಡರಲ್ಲಿ ಒಂಬತ್ತು ಬಾಣ ಗೋಣಿಚೀಲದ ಆಚೆ ಹೋದಾಗ ಚಿಗವ್ವನೇ ಕಂಡುಹಿಡಿದಳು. ಆಮೇಲೆ ಇನ್ನೊಂದು ಸಲವೂ ಆಯ್ತು. ಎರಡು ಸಲ ಜಾರಿ ಎರಡು ಸಲ ಎದ್ದಿದ್ದಾರೆ. ಬಿಡೋದು ಅಂದ್ರೆ ಹೀಗೇ ಇರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ರು.

ಕಲೆ ಸ್ವಲ್ಪ ಚಿಕ್ಕದಾಗಿದೆ, ಹೋಗಿಲ್ಲ. ಮುಂದಿನ ತಪಾಸಣೆ ಕಾರಹುಣ್ಣಿಮೆ ಆದ ವಾರ.

ನನ್ನ ಬ್ರಯರ್ ಪೈಪು ಟ್ರಂಕಿನಲ್ಲಿದೆ. ಪಕ್ಕದಲ್ಲಿ ಸೇದೋರು ಇಲ್ಲದ ಮೇಲೆ ಅದನ್ನ ತೆಗೆಯೋಕೆ ಮನಸ್ಸು ಬರ್ತಿಲ್ಲ. ಆಸೆ ಆಗಲ್ಲ ಅಂತಲ್ಲ. ಮೊದಲ ಮಳೆ ಬಿದ್ದು ಹೊಲ ವಾಸನೆ ಎದ್ದ ದಿನ ಆಗಿತ್ತು. ಆಫೀಸಿನಲ್ಲಿ ಮಾತ್ರ ಒಂದು ಬದಲಾವಣೆ ಮಾಡ್ಕೊಂಡಿದ್ದೀನಿ. ಹನ್ನೊಂದೂವರೆಗೂ ನಾಲ್ಕಕ್ಕೂ ಕ್ಯಾಲೆಂಡರಿನಲ್ಲಿ ಹತ್ತು ನಿಮಿಷ 'ಬದು' ಅಂತ ಬ್ಲಾಕ್ ಮಾಡಿದ್ದೀನಿ, ಎದ್ದು ಮರದ ಕೆಳಗೆ ಹೋಗಿ ನಿಲ್ತೀನಿ. ಮ್ಯಾನೇಜರು ಅದನ್ನ ಯಾವುದೋ ಕ್ಲೈಂಟ್ ಹೆಸರು ಅಂದ್ಕೊಂಡಿದ್ದಾರೆ. ಟೀಮಿನ ಒಂದಿಬ್ಬರು ಸೇದದವರು ಈಗ ಜೊತೆಗೆ ಬರ್ತಾರೆ.

ಹೋದ ವಾರ ಚಿಗವ್ವ ಫೋನ್ ಮಾಡಿದ್ದಳು. ಕಳೆ ತೆಗೆದು ಬಂದ ಮೇಲೆ ಅವಳೂ ಹಿತ್ತಲಿಗೆ ಹೋಗ್ತಿದ್ದಾಳಂತೆ, ಕಾಕಾನ ಬಿಲ್ಲು ಭಾರ, ಭುಜ ನೋಯುತ್ತೆ. "ನನಗೊಂದು ಹಗೂರಂದು ಮಾಡ್ಕೊಡು ಅಂದ್ರ ನಿಮ್ಮ ಕಾಕಾ ನಗ್ತಾರ. ನೀ ಬರೂವಾಗ ಮೇದಾರ ಓಣ್ಯಾಗ ಒಂದು ಎಳೀ ಬಿದಿರು ಹೇಳಿ ಬಾ." ತೂಕ ಎಷ್ಟಿರಬೇಕು ಅಂತ ಕೇಳಿದೆ. ಆರು ಕಿಲೋ ಸಾಕಂತೆ. ಎಕ್ಸೆಲ್ ಶೀಟಿಗೆ ಒಂದು ಕೆಲಸ ಬಂತು.